ನೆರೆಯ ಇಗರ್ಜಿಗಳು: ಗಡಿ, ಕಲಹ ಮತ್ತು ಸಹಕಾರ

ಕರಾವಳಿಯ ಕಥೋಲಿಕ ಇಗರ್ಜಿಯೊಂದರಲ್ಲಿ ಭಾನುವಾರದ ಪೂಜೆಯ ವೇಳೆ ಗುರುಗಳು ಒಂದು ಪ್ರಕಟಣೆಯನ್ನು ಓದುವುದುಂಟು. ಇಂಥ ಊರಿನ ವರನಿಗೂ ಇಂಥ ಊರಿನ ವಧುವಿಗೂ ವಿವಾಹ ನಿಶ್ಚಯವಾಗಿದೆ, ಅಡ್ಡಿಯೇನಾದರೂ ಇದ್ದರೆ ತಿಳಿಸಬೇಕು ಎಂಬುದು ಅದರ ಸಾರ. ವಧು ಬೇರೆ ಊರಿನವಳಾದರೆ ಅಲ್ಲಿನ ಇಗರ್ಜಿಯಲ್ಲೂ ಈ ಪ್ರಕಟಣೆಯಾಗುತ್ತದೆ. ಮದುವೆಯ ಬಳಿಕ ಆ ಸುದ್ದಿ ಇಬ್ಬರೂ ಜ್ಞಾನಸ್ನಾನ ಪಡೆದ ಇಗರ್ಜಿಗಳಿಗೆ ಹೋಗಿ, ಅಲ್ಲಿನ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬರೆಯಲ್ಪಡುತ್ತದೆ. ನೆರೆಯ ಇಗರ್ಜಿಗಳ ಸಹಕಾರವೆಂದರೆ ಮೊದಲಿಗೆ ಇಷ್ಟು ಸರಳವಾದದ್ದು: ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನಂಬುವುದು.

ಈ ಪದ್ಧತಿಗೆ ದೀರ್ಘ ಇತಿಹಾಸವಿದೆ. 1563ರಲ್ಲಿ ಟ್ರೆಂಟ್ ಮಹಾಸಭೆಯು ಗುಟ್ಟಾಗಿ ನಡೆಯುವ ಮದುವೆಗಳನ್ನು ತಡೆಯಲು, ಮೂರು ಸಲ ಪ್ರಕಟಣೆ ಮಾಡಬೇಕು, ವಿವಾಹವನ್ನು ಪುಸ್ತಕದಲ್ಲಿ ದಾಖಲಿಸಬೇಕು ಎಂದು ವಿಧಿಸಿತು. ಅದೇ ಕಾಲದಲ್ಲಿ ಇಟಲಿಯ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ತಮ್ಮ ವಿಶಾಲ ಧರ್ಮಪ್ರಾಂತ್ಯದ ಇಗರ್ಜಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಒಬ್ಬ ಹಿರಿಯ ಗುರುವನ್ನು ಮೇಲ್ವಿಚಾರಕನನ್ನಾಗಿ ನೇಮಿಸಿದರು. ಇಂಥ ಗುಂಪನ್ನು ನಮ್ಮಲ್ಲಿ ವಲಯ ಎನ್ನುತ್ತಾರೆ. ಮಂಗಳೂರಿನ ಕೊಂಕಣಿಯಲ್ಲಿ ಅದು 'ವಾರಾಡೊ'.

ಆದರೆ ಈ ನಂಬಿಕೆಯೇ ಮುರಿದುಬಿದ್ದರೆ ಏನಾಗುತ್ತದೆ? ಅದಕ್ಕೆ ಉತ್ತರ ನಮ್ಮ ಕರಾವಳಿಯ ಚರಿತ್ರೆಯಲ್ಲೇ ಇದೆ.

ಕೆನರಾದ ಕಥೋಲಿಕರು ಮೊದಲಿನಿಂದ ಗೋವೆಯ ಆರ್ಚ್‌ಬಿಷಪ್‌ರ ಅಧೀನದಲ್ಲಿದ್ದರು. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಅನೇಕ ಇಗರ್ಜಿಗಳು ನೆಲಸಮವಾದವು. 1799ರ ನಂತರ ಬದುಕುಳಿದವರು ಮರಳಿ ಬಂದು ಅವನ್ನು ಮತ್ತೆ ಕಟ್ಟಿಕೊಂಡರು. ಹೀಗೆ ಚೇತರಿಸಿಕೊಂಡ ಸಮುದಾಯವನ್ನು ಕೆಲವೇ ದಶಕಗಳಲ್ಲಿ ಇನ್ನೊಂದು ಬಿಕ್ಕಟ್ಟು ಎದುರುಗೊಂಡಿತು. ಅದು ಬಂದದ್ದು ಒಳಗಿನಿಂದ.

ಪೂರ್ವ ದೇಶಗಳ ಚರ್ಚುಗಳ ಮೇಲೆ ಪೋರ್ಚುಗಲ್ಲಿನ ಅರಸರಿಗಿದ್ದ ಪೋಷಕತ್ವದ ಹಕ್ಕಿಗೆ 'ಪದ್ರೊವಾದೊ' ಎಂದು ಹೆಸರು. ರೋಮಿನ 'ಪ್ರಪಗಾಂಡ' ಎಂಬ ಧರ್ಮಪ್ರಚಾರ ಸಂಸ್ಥೆಯು ತಾನೇ ಅಧಿಕಾರಿಗಳನ್ನು ಕಳುಹಿಸತೊಡಗಿದಾಗ ಇವೆರಡರ ನಡುವೆ ಘರ್ಷಣೆ ಹುಟ್ಟಿತು. 1838ರಲ್ಲಿ ಪೋಪರ ಆಜ್ಞೆಯೊಂದು ಪದ್ರೊವಾದೊ ಅಧಿಕಾರವನ್ನು ಬಹುಮಟ್ಟಿಗೆ ಕಡಿತಗೊಳಿಸಿತು. ಕೆನರಾದಲ್ಲಿ ಕೆಲವರು ರೋಮ್ ಕಳುಹಿಸಿದ ಅಧಿಕಾರಿಗಳನ್ನು ಒಪ್ಪಿದರು. ಉಳಿದವರು ಗೋವೆಯನ್ನೇ ನೆಚ್ಚಿಕೊಂಡರು. ಒಂದೇ ಸೀಮೆಯಲ್ಲಿ ಎರಡು ಅಧಿಕಾರಗಳಾದವು. ಒಂದು ಕಡೆಯ ಗುರುಗಳಿಗೆ ಮದುವೆ ನಡೆಸುವ ಹಕ್ಕಿದೆಯೇ ಎಂದು ಇನ್ನೊಂದು ಕಡೆಯವರು ಸಂಶಯಪಟ್ಟರೆ, ನೆರೆಯ ಇಗರ್ಜಿಯ ಪುಸ್ತಕಕ್ಕೆ ಬೆಲೆಯೆಲ್ಲಿಯದು? ಪೂಜೆಯೂ ಒಂದೇ, ಭಾಷೆಯೂ ಒಂದೇ, ನೆಂಟಸ್ತನವೂ ಒಂದೇ. ಆದರೂ ಜನ ಎರಡು ಪಾಲಾದರು.

1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ಒಪ್ಪಂದಕ್ಕೆ ಬಂದವು. 1887ರಲ್ಲಿ ಮಂಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಯೇಸುಸಭೆಯ ನಿಕೋಲಸ್ ಮರಿಯ ಪಗಾನಿ ಅದರ ಮೊದಲ ಬಿಷಪರಾದರು. ಆದರೆ ನಕ್ಷೆಯಲ್ಲಿ ಗೆರೆ ಎಳೆದ ಮಾತ್ರಕ್ಕೆ ಮನಸ್ಸುಗಳು ಕೂಡುವುದಿಲ್ಲ. ಬ್ರಹ್ಮಾವರದ ಒಂದು ಸಮುದಾಯ ಹೊಸ ಏರ್ಪಾಡನ್ನು ಒಪ್ಪಲಿಲ್ಲ. 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಸಂಪ್ರದಾಯದ ಬಿಷಪರಾಗಿ ಅಭಿಷಿಕ್ತರಾದ ಗೋವೆಯ ಗುರು ಆಲ್ವಾರಿಸ್‌ರನ್ನು ಅದು ಅನುಸರಿಸಿತು. ಆ ಸಮುದಾಯ ಇಂದಿಗೂ ಆರ್ಥಡಾಕ್ಸ್ ಸಭೆಯಲ್ಲಿದೆ. ಕಲಹಕ್ಕೆ ತೆತ್ತ ಬೆಲೆ ಅದು.

ಉಳಿದವರನ್ನು ಒಗ್ಗೂಡಿಸಿದ್ದು ಯಾವುದು? ಆಜ್ಞೆಗಿಂತ ಹೆಚ್ಚಾಗಿ ಎಲ್ಲರಿಗೂ ಸೇರಿದ ಕೆಲಸಗಳು ಎನ್ನಬಹುದು. 1879ರ ಜೆಪ್ಪು ಗುರುಮಠ, 1880ರ ಸಂತ ಅಲೋಶಿಯಸ್ ಕಾಲೇಜು, ಫಾದರ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಬೆಳೆಸಿದ ಚಿಕಿತ್ಸಾಲಯ ಇವು ಯಾವೊಂದು ಇಗರ್ಜಿಯ ಸ್ವತ್ತೂ ಅಲ್ಲ. ಗೋವೆಯ ಪಕ್ಷದವನ ಮಗನೂ ರೋಮ್ ಪಕ್ಷದವನ ಮಗನೂ ಒಂದೇ ಬೆಂಚಿನಲ್ಲಿ ಕುಳಿತು ಓದಬಹುದಾಗಿತ್ತು. 1912ರಲ್ಲಿ ಕಥೋಲಿಕರ ಸಹಕಾರಿ ಬ್ಯಾಂಕು, 1938ರಲ್ಲಿ 'ರಾಕ್ಣೊ' ವಾರಪತ್ರಿಕೆ ಬಂದವು.

ಚರ್ಚಿನ ಕಾನೂನು ಕೂಡ ಈ ಅನುಭವಕ್ಕೆ ಹೊಂದುವಂತಿದೆ. 1983ರ ಸಂಹಿತೆಯ ಪ್ರಕಾರ ನೆರೆಯ ಇಗರ್ಜಿಗಳನ್ನು ವಲಯಗಳಾಗಿ ಕೂಡಿಸುವುದು ಒಟ್ಟಾಗಿ ಕೆಲಸ ಮಾಡಲಿಕ್ಕಾಗಿ. ವಲಯದ ಮುಖ್ಯಸ್ಥನ ಕರ್ತವ್ಯಗಳಲ್ಲಿ ಒಂದನ್ನು ಚರಿತ್ರೆಯ ವಿದ್ಯಾರ್ಥಿಗಳಾದ ನೀವು ವಿಶೇಷವಾಗಿ ಗಮನಿಸಬೇಕು. ತನ್ನ ವಲಯದ ಗುರುವೊಬ್ಬರು ಕಾಯಿಲೆ ಬಿದ್ದರೆ ಅವರ ಆರೈಕೆ ನೋಡಬೇಕು; ತೀರಿಕೊಂಡರೆ ಗೌರವದ ಅಂತ್ಯಕ್ರಿಯೆ ನಡೆಯುವಂತೆ ನೋಡಿಕೊಂಡು, ಆ ಇಗರ್ಜಿಯ ಪುಸ್ತಕಗಳೂ ದಾಖಲೆಗಳೂ ಕಳೆದುಹೋಗದಂತೆ ಕಾಯಬೇಕು. ನೆರೆಯವನ ನೆನಪನ್ನು ಕಾಪಾಡುವುದೂ ನೆರೆಯವನ ಹೊಣೆ.

2012ರಲ್ಲಿ ಮಂಗಳೂರಿನಿಂದ ಉಡುಪಿ ಧರ್ಮಪ್ರಾಂತ್ಯ ಬೇರೆಯಾಯಿತು. ಕಲ್ಯಾಣಪುರದ ಮಿಲಾಗ್ರಿಸ್ ಅದರ ಪ್ರಧಾನ ದೇವಾಲಯವಾಯಿತು. ಗಡಿ ಮತ್ತೆ ಬದಲಾಯಿತು, ಆದರೆ ಈ ಸಲ ಅದು ಕಲಹದಿಂದಲ್ಲ, ಆಡಳಿತದ ಅನುಕೂಲಕ್ಕಾಗಿ.

ಗಡಿಗಳಿರುವುದು ತಪ್ಪಲ್ಲ. ಯಾರ ಹೊಣೆ ಎಲ್ಲಿಯವರೆಗೆ ಎಂದು ಅವು ಹೇಳುತ್ತವೆ. ಗಡಿಯಾಚೆಯ ಪುಸ್ತಕವನ್ನು ನಂಬದಿದ್ದಾಗ ಮಾತ್ರ ಅವು ಗೋಡೆಗಳಾಗುತ್ತವೆ. ನಿಮ್ಮ ಊರಿನ ದೇವಸ್ಥಾನ, ಮಸೀದಿ, ಇಗರ್ಜಿ, ಸಹಕಾರ ಸಂಘ ಯಾವುದನ್ನಾದರೂ ಆರಿಸಿಕೊಂಡು ವಿಚಾರಿಸಿ ನೋಡಿ: ನೆರೆಯೂರಿನೊಂದಿಗೆ ಅದು ಏನನ್ನು ಹಂಚಿಕೊಂಡಿದೆ, ಯಾವಾಗ ಜಗಳವಾಡಿದೆ, ಯಾವ ಕೆಲಸ ಅವರನ್ನು ಮತ್ತೆ ಕೂಡಿಸಿದೆ? ಸ್ಥಳೀಯ ಚರಿತ್ರೆಯ ಅಧ್ಯಯನ ಅಲ್ಲಿಂದಲೇ ಆರಂಭವಾಗಬಹುದು.