ಬೇಲೂರು ಎಲ್ಲಿ ಕಳೆದುಹೋಗಿತ್ತು?

ಹಾಸನದಿಂದ ಹಳೇಬೀಡಿಗೆ ಬಸ್ಸಿದೆ. ಹಳೇಬೀಡಿನಿಂದ ಬೇಲೂರಿಗೆ ಸುಮಾರು ಹದಿನಾರು ಕಿಲೋಮೀಟರು, ಅಲ್ಲಿಗೂ ಬಸ್ಸಿದೆ. ಆದರೆ ಕಳೆದ ತಿಂಗಳು ನಾನು ಈ ಎರಡು ಊರಿಗೆ ಹೋದ ದಾರಿ ಬೇರೆ. ಕಾಡಿನ ನಡುವೆ ಜೀಪು ಓಡಿಸಿ, ಜಲಪಾತಗಳನ್ನು ಬಳಸಿ, ಬಂದೂಕುಧಾರಿಗಳ ಕಣ್ಣು ತಪ್ಪಿಸಿ, ಮೂರು ಕೋಟೆಗಳ ಒಗಟು ಬಿಡಿಸಿದ ಮೇಲೆಯೇ ಹಳೇಬೀಡಿನ ಬಾಗಿಲು ತೆರೆಯಿತು. ಬೇಲೂರು ಇನ್ನೂ ಒಳಗಿತ್ತು, ಶತಮಾನಗಳಿಂದ ಮನುಷ್ಯರು ಕಾಲಿಡದ ಜಾಗದಲ್ಲಿ.

ಇದು 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಎಂಬ ವಿಡಿಯೋ ಗೇಮ್. ಅಮೆರಿಕದ ನಾಟಿ ಡಾಗ್ ಕಂಪನಿ 2017ರ ಆಗಸ್ಟಿನಲ್ಲಿ ಪ್ಲೇಸ್ಟೇಷನ್‌ಗೆಂದು ಇದನ್ನು ತಂದಿತು. ಕಂಪ್ಯೂಟರಿಗೆ ಬಂದದ್ದು 2022ರಲ್ಲಿ. ನಮ್ಮ ಮನೆಯ ಲ್ಯಾಪ್‌ಟಾಪಿಗೆ ಇಂಥದ್ದನ್ನು ಹೊರುವ ಶಕ್ತಿಯಿಲ್ಲ. ದಾವಣಗೆರೆಯ ಗೆಳೆಯನೊಬ್ಬನ ಕೋಣೆಯಲ್ಲಿ, ಪ್ರಬಂಧದ ಮೂರನೇ ಅಧ್ಯಾಯವನ್ನು ಪಕ್ಕಕ್ಕಿಟ್ಟು, ನಾಲ್ಕು ರಾತ್ರಿ ಕೂತು ಮುಗಿಸಿದೆ. ನನ್ನ ಸಂಶೋಧನೆ ನೊಳಂಬವಾಡಿಯ ವೀರಗಲ್ಲುಗಳ ಮೇಲೆ. ಹೊಯ್ಸಳರ ಕುರಿತ ಆಟವೊಂದಿದೆ ಎಂದು ಕೇಳಿದ ಮೇಲೆ ಬಿಡುವುದು ಕಷ್ಟವಾಗಿತ್ತು.

ಆಡದವರಿಗಾಗಿ ಕಥೆ ಇಷ್ಟು. ಕ್ಲೋಯಿ ಫ್ರೇಜರ್ ಭಾರತೀಯ ತಂದೆಯ ಮಗಳು, ವೃತ್ತಿಯಿಂದ ನಿಧಿ ಹುಡುಕುವವಳು. ಪರಶುರಾಮನ ಕೊಡಲಿಗೆ ಮುರಿದ ಗಣೇಶನ ದಂತ ಹೊಯ್ಸಳರ ವಶದಲ್ಲಿತ್ತು, ಪಶ್ಚಿಮ ಘಟ್ಟದ ಒಳಗೆಲ್ಲೋ ಅಡಗಿದೆ ಎಂಬುದು ನಂಬಿಕೆ. ಅದನ್ನೇ ಹುಡುಕುತ್ತ ಅವಳ ತಂದೆ ಸತ್ತಿದ್ದಾನೆ. ನಾಡೀನ್ ರಾಸ್ ಎಂಬ ದಕ್ಷಿಣ ಆಫ್ರಿಕಾದ ಬಾಡಿಗೆ ಸೈನಿಕಳನ್ನು ಜೊತೆ ಮಾಡಿಕೊಂಡು ಇವಳು ಹೊರಡುತ್ತಾಳೆ. ಎದುರಾಳಿ ಅಸಾವ್, ದೇಶದಲ್ಲಿ ಅಂತರ್ಯುದ್ಧ ಹೊತ್ತಿಸಿರುವ ಬಂಡುಕೋರರ ನಾಯಕ.

ಆಟ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಹೆಂಗಸರು ಮೊದಲು ಒಬ್ಬರನ್ನೊಬ್ಬರು ನಂಬದೆ, ಆಮೇಲೆ ಜಗಳವಾಡಿ, ಕೊನೆಗೆ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಮಾಡುವಷ್ಟು ಹತ್ತಿರವಾಗುವುದನ್ನು ಅವಸರವಿಲ್ಲದೆ ಬರೆದಿದ್ದಾರೆ. ಕಲ್ಲುಗಳಡಿ ಸಿಕ್ಕಿಕೊಂಡ ಆನೆಯೊಂದನ್ನು ಬಿಡಿಸಿ ಅದರ ಬೆನ್ನೇರಿ ಹೋಗುವ ಭಾಗವಂತೂ ಬಂದೂಕಿನ ಸದ್ದಿಲ್ಲದ ಕೆಲವು ನಿಮಿಷ. ಇಡೀ ಆಟದಲ್ಲಿ ನನಗೆ ಅದೇ ಹೆಚ್ಚು ಹಿಡಿಸಿತು. ಕ್ಲೋಯಿ ಆಗಾಗ ನಿಂತು ಫೋನಿನಲ್ಲಿ ಶಿಲ್ಪಗಳ ಫೋಟೊ ತೆಗೆಯುತ್ತಾಳೆ. ಕ್ಷೇತ್ರಕಾರ್ಯ ಮಾಡಿದವರಿಗೆ ಆ ಅಭ್ಯಾಸ ತಕ್ಷಣ ಅರ್ಥವಾಗುತ್ತದೆ.

ತೊಡಕು ಇರುವುದು ಹೆಸರಿನಲ್ಲೇ. ಈ ಬಗೆಯ ಕಥೆ ನಡೆಯಬೇಕಾದರೆ ಒಂದು ನಗರ ಕಳೆದುಹೋಗಿರಲೇಬೇಕು. ಬೇಲೂರು ಯಾವಾಗ ಕಳೆದುಹೋಗಿತ್ತು? ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. 1311ರಲ್ಲಿ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ ಬಂದ, 1327ರ ಹೊತ್ತಿಗೆ ತುಘಲಕ್ ಸೈನ್ಯ ಬಂತು, ಮುಂದೆ ಮೂರನೇ ಬಲ್ಲಾಳ ಮಧುರೆಯ ಸುಲ್ತಾನರ ಕೈಯಲ್ಲಿ ಸತ್ತ, ಹೊಯ್ಸಳರ ಆಳ್ವಿಕೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಆದರೆ ಬೇಲೂರಿನ ದೇವಾಲಯದ ಬದುಕು ಮುಗಿಯಲಿಲ್ಲ. ಸುಟ್ಟುಹೋಗಿದ್ದ ಮಹಾದ್ವಾರವನ್ನು 1397ರಲ್ಲಿ ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ಇವತ್ತಿಗೂ ಅಲ್ಲಿ ಪೂಜೆ ನಡೆಯುತ್ತದೆ, ತೇರು ಎಳೆಯುತ್ತಾರೆ. ದ್ವಾರಸಮುದ್ರ ರಾಜಧಾನಿಯ ಪಟ್ಟ ಕಳೆದುಕೊಂಡು 'ಹಳೆಯ ಬೀಡು' ಆಯಿತು, ನಿಜ. ಆದರೂ ಆ ಹೆಸರನ್ನು ಇಟ್ಟವರು ಪಕ್ಕದಲ್ಲೇ ಇದ್ದ ಜನ; ಅವರು ಎಲ್ಲಿಗೂ ಹೋಗಿರಲಿಲ್ಲ. ಆಟದಲ್ಲಿ ಆ ಜನರಿಲ್ಲ. ಮೊದಲ ಪೇಟೆಯ ದೃಶ್ಯ ದಾಟಿ ಘಟ್ಟಕ್ಕೆ ಬಂದ ಮೇಲೆ ಎದುರಾಗುವವರೆಲ್ಲ ಬಂದೂಕು ಹಿಡಿದವರು. ಒಬ್ಬ ರೈತನಿಲ್ಲ, ಅರ್ಚಕನಿಲ್ಲ, ದನ ಕಾಯುವ ಹುಡುಗನಿಲ್ಲ. ಹೊಯ್ಸಳರ ನಾಡಿನಲ್ಲಿ ಅಷ್ಟು ಹೊತ್ತು ಸುತ್ತಿದರೂ ಕನ್ನಡದ ಒಂದು ಮಾತು ನನ್ನ ಕಿವಿಗೆ ಬೀಳಲಿಲ್ಲ.

ಅಳತೆಯೂ ತಲೆಕೆಳಗಾಗಿದೆ. ಆಟದ ಹಳೇಬೀಡು, ಬೇಲೂರುಗಳಲ್ಲಿ ಕತ್ತೆತ್ತಿ ನೋಡಬೇಕಾದ ಬೆಟ್ಟದೆತ್ತರದ ಶಿವ, ಗಣೇಶ, ಪರಶುರಾಮರಿದ್ದಾರೆ. ಹೊಯ್ಸಳ ಶಿಲ್ಪಿಗಳ ಗಮನವೆಲ್ಲ ಗೇಣಿನಲ್ಲಿ, ಬೆರಳಿನಲ್ಲಿ ಇತ್ತು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಅದರಿಂದಲೇ ಉಗುರಿನಷ್ಟು ಜಾಗದಲ್ಲಿ ಒಡವೆಯ ಕೊಂಡಿ ಕೆತ್ತಲು ಸಾಧ್ಯವಾಯಿತು. ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೂ ಮೇಲೆ ರಾಮಾಯಣ, ಮಹಾಭಾರತ. ಓದಬೇಕಾದರೆ ನಿಧಾನ ಸುತ್ತು ಹಾಕಬೇಕು, ಕೆಲವೆಡೆ ಕುಕ್ಕರಗಾಲಲ್ಲಿ ಕೂರಬೇಕು. ಓಡುವವನಿಗೆ, ಜಿಗಿಯುವವನಿಗೆ, ಗುಂಡು ತಪ್ಪಿಸಿಕೊಳ್ಳುವವನಿಗೆ ಅದು ಕಾಣುವುದಿಲ್ಲ. ಆಟದವರು ಶಿಲ್ಪವನ್ನು ಹಿಗ್ಗಿಸಿದ್ದು ಅದಕ್ಕೇ ಇರಬೇಕು.

ಕಥೆ ಆರಿಸಿಕೊಂಡ ಬಗೆಯೂ ಅಂಥದ್ದೇ. ಗಣೇಶ-ಪರಶುರಾಮರ ಕಥೆ ಭಾರತದ ಎಲ್ಲಿ ಬೇಕಾದರೂ ಒಗ್ಗುತ್ತದೆ. ಹೊಯ್ಸಳರದ್ದೇ ಆದ ಕಥೆಗಳು ಹಳೇಬೀಡಿನಲ್ಲಿ ಕಣ್ಣೆದುರೇ ಇವೆ. ಹೊಯ್ಸಳೇಶ್ವರದ ಆವರಣದಲ್ಲಿ ಒಂದು ಗರುಡಗಂಬವಿದೆ. ಇಮ್ಮಡಿ ಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ, ರಾಜ ಸತ್ತಾಗ ಹೆಂಡತಿ ಮತ್ತು ತನ್ನ ಲೆಂಕರೊಂದಿಗೆ ಪ್ರಾಣ ಬಿಟ್ಟದ್ದನ್ನು ಅದು ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರನ್ನು ಕಂಬದ ಮೇಲೆ ಕೆತ್ತಿದ್ದಾರೆ. ಇನ್ನೊಂದು ಕಡೆ ಬಸ್ತಿಹಳ್ಳಿಯಲ್ಲಿ, ಗಂಗರಾಜನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ. ಆಟದ ಹೊಯ್ಸಳರಲ್ಲಿ ಜೈನರೇ ಇಲ್ಲ. ಸಳನ ಗುರು ಜೈನ ಮುನಿ ಎಂದು ಹೇಳುವ ವಂಶಕ್ಕೆ, ಶಾಂತಲೆಯ ಮನೆತನಕ್ಕೆ ಇದು ಸಣ್ಣ ಅನ್ಯಾಯವಲ್ಲ.

ಇದರ ಬೆನ್ನಿಗೇ ನಾನು ಆಡಿದ ಇನ್ನೊಂದು ಆಟ 'ಕ್ರುಸೇಡರ್ ಕಿಂಗ್ಸ್ 3', ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯದು, 2020ರದು. ಇದರಲ್ಲಿ ಓಡಾಟವಿಲ್ಲ, ಒಂದು ದೊಡ್ಡ ನಕ್ಷೆ, ಸಾವಿರಾರು ಮನುಷ್ಯರು, ಅವರ ಮದುವೆ, ಮುನಿಸು, ಉತ್ತರಾಧಿಕಾರ. ನಿಮ್ಮ ರಾಜ ಸತ್ತರೆ ಮಗನಾಗಿ ಆಟ ಮುಂದುವರಿಸುತ್ತೀರಿ. ಮನಸ್ಸಿನ ಒತ್ತಡಕ್ಕೂ ಒಂದು ಲೆಕ್ಕವಿದೆ. ಇಂಗ್ಲೆಂಡಿನ ಚರಿತ್ರೆಯ ಕಾರಣಕ್ಕೆ 1066ನ್ನು ಆರಂಭದ ವರ್ಷಗಳಲ್ಲಿ ಒಂದಾಗಿ ಇಟ್ಟಿದ್ದಾರೆ. ನಮ್ಮ ಕಡೆಯಿಂದ ನೋಡಿದರೆ ಅದು ಕಲ್ಯಾಣದ ಒಂದನೇ ಸೋಮೇಶ್ವರ ಜಲಸಮಾಧಿಯಾಗುವುದಕ್ಕೆ ಎರಡೇ ವರ್ಷ ಮೊದಲು. 1068ರಲ್ಲಿ, ಗುಣವಾಗದ ಜ್ವರದಿಂದ ಬಳಲಿ ಅವನು ತುಂಗಭದ್ರೆಗೆ ಇಳಿದದ್ದು ಕುರುವತ್ತಿಯಲ್ಲಿ, ನಮ್ಮ ಪಕ್ಕದ ಹರಪನಹಳ್ಳಿ ತಾಲ್ಲೂಕಿನಲ್ಲಿ. ಆಮೇಲೆ ಹಿರಿಯ ಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ ಬಂದ. 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅಣ್ಣನನ್ನು ಇಳಿಸಿ ತಾನೇ ಕೂತ, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಶುರುಮಾಡಿದ. ತಮ್ಮನ ಪರ ವಕಾಲತ್ತಿಗೆಂದೇ ಬರೆದಂತಿರುವ ಬಿಲ್ಹಣನ ಕಾವ್ಯವನ್ನು ಓದಿದವರಿಗೆ ಈ ಆಟದ ಒಳಸಂಚುಗಳು ಹೊಸದೆನಿಸುವುದಿಲ್ಲ. ಹೊಯ್ಸಳ ವಿನಯಾದಿತ್ಯ ಆಗ ಇದೇ ಚಾಳುಕ್ಯರ ಸಾಮಂತ. ರಾಜ್ಯವೆಂದರೆ ಗಡಿಗೆರೆಯಲ್ಲ, ಯಾರು ಯಾರಿಗೆ ತಲೆಬಾಗುತ್ತಾರೆ ಎಂಬ ದಿನದಿನದ ಲೆಕ್ಕ ಎನ್ನುವುದನ್ನು ತರಗತಿಯ ಪಾಠಗಳಿಗಿಂತ ಚೆನ್ನಾಗಿ ಈ ಆಟ ತೋರಿಸುತ್ತದೆ. ಕಣ್ಣಿಗೆ ಮಾತ್ರ ಇದು ಬೇಗ ಬೇಸರ ತರಿಸುತ್ತದೆ. ಅದೇ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ನೋಡಿ ಬಂದವನಿಗೆ ಪಟ್ಟಿಗಳನ್ನೇ ಎಷ್ಟು ಹೊತ್ತು ನೋಡಲಾದೀತು?

ಎರಡೂ ಆಟ ಮುಗಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಮೊದಲನೆಯದೇ. ಕಾರಣ ನಮ್ಮ ಸೀಮೆ. ಹೊಯ್ಸಳರೆಂದರೆ ಹಾಸನ ಎಂದು ನಾವು ಜಗಳೂರಿನವರೂ ಅಂದುಕೊಂಡಿದ್ದೇವೆ. ದಾವಣಗೆರೆಯಿಂದ ಜಗಳೂರಿಗೆ ಬರುವವರಿಗೆ ದೂರವಾಗದ ಉಚ್ಚಂಗಿದುರ್ಗ ನೊಳಂಬವಾಡಿಯನ್ನಾಳಿದ ಪಾಂಡ್ಯರ ಕೋಟೆ. ವಿಷ್ಣುವರ್ಧನ 'ನೊಳಂಬವಾಡಿಗೊಂಡ' ಎಂದು ಬಿರುದು ಹೊತ್ತ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ಉಚ್ಚಂಗಿಯನ್ನು ಇಮ್ಮಡಿ ಬಲ್ಲಾಳ ಸಲೀಸಾಗಿ ಹಿಡಿದ, ಶರಣು ಬಂದ ಪಾಂಡ್ಯನಿಗೆ ರಾಜ್ಯ ಹಿಂದಿರುಗಿಸಿದ ಎಂದು ಶಾಸನ ಹೊಗಳುತ್ತದೆ. ಅವನ 'ಗಿರಿದುರ್ಗಮಲ್ಲ', 'ಶನಿವಾರಸಿದ್ಧಿ' ಬಿರುದುಗಳನ್ನು ವಿದ್ವಾಂಸರು ಈ ಗೆಲುವಿಗೆ ಜೋಡಿಸುತ್ತಾರೆ. ಕೋಟೆ ಬಿದ್ದದ್ದು ಶನಿವಾರವಂತೆ. ಹರಿಹರದ ಹರಿಹರೇಶ್ವರನ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ.

ಜಗಳೂರು ತಾಲ್ಲೂಕಿನಲ್ಲಿ ಬೇಲೂರಿನಂಥ ಗುಡಿಯಿಲ್ಲ. ಇಲ್ಲಿರುವುದು ಕಲ್ಲುಗಳು. ಬಿ. ಎಲ್. ರೈಸ್ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೇ ಸಂಪುಟದಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಅಚ್ಚುಮಾಡಿಸಿದಾಗ (1997ರವರೆಗೆ ನಾವು ಆ ಜಿಲ್ಲೆಯವರೇ) ನಮ್ಮ ತಾಲ್ಲೂಕಿನದೂ ಸೇರಿದ್ದವು. ಸಂಪುಟ ಹಿಡಿದು ಊರೂರು ತಿರುಗುವುದು ನನ್ನ ಕೆಲಸ. ಕೆಲವು ಕಲ್ಲು ಹೊಲದ ಬದುವಿನಲ್ಲಿವೆ, ಕೆಲವಕ್ಕೆ ಸುಣ್ಣ ಬಳಿದು ದೇವರು ಮಾಡಿದ್ದಾರೆ, ಒಂದರ ಮೇಲೆ ಬಟ್ಟೆ ಒಗೆಯುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಹೆಚ್ಚಿನವರು ಸತ್ತದ್ದು ಸಾಮ್ರಾಜ್ಯಕ್ಕಾಗಿ ಅಲ್ಲ, ದನಗಳಿಗಾಗಿ. ತುರುಗೊಳ್ ಎಂದು ಶಾಸನಗಳು ಕರೆಯುವುದು ಇದನ್ನೇ.

ಇಂಥ ಕಲ್ಲುಗಳಿಗೆ ಬಿಸಿಲು ಮಳೆಗಿಂತ ದೊಡ್ಡ ಶತ್ರು ನಿಧಿ ಹುಡುಕುವವರು. ಅಮಾವಾಸ್ಯೆಯ ಮರುದಿನ ಯಾವುದೋ ಹಾಳು ಗುಡಿಯ ಗರ್ಭಗೃಹ ಅಗೆದಿದ್ದಾರೆ, ನಂದಿಯ ಹೊಟ್ಟೆ ಒಡೆದಿದ್ದಾರೆ, ವೀರಗಲ್ಲು ಬೋರಲು ಬಿದ್ದಿದೆ ಎಂಬ ಸುದ್ದಿ ಬಯಲುಸೀಮೆಯಲ್ಲಿ ಹೊಸದಲ್ಲ. ಭೂಮಿಯಲ್ಲಿ ಸಿಕ್ಕ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರ ಕಾಯ್ದೆಯೇ ಹೇಳಿತ್ತು. ಕಾಯ್ದೆಗೆ ಹೆದರುವವರು ರಾತ್ರಿ ಹಾರೆ ಹಿಡಿದು ಹೊರಡುವುದಿಲ್ಲ. ಅವರ ತರ್ಕ ಹೀಗೆ: ಕಲ್ಲಿನ ತುದಿಯಲ್ಲಿ ಸೂರ್ಯ ಚಂದ್ರ ಕೆತ್ತಿದ್ದಾರೆ, ಅಂದರೆ ಏನೋ ಗುರುತು, ಕೆಳಗೆ ಏನೋ ಇದೆ. ಸೂರ್ಯ ಚಂದ್ರರಿರುವ ತನಕ ಈ ದಾನ ನಡೆಯಲಿ ಎಂದು ಕೆತ್ತಿದ ಚಿತ್ರ ಇವರಿಗೆ ಗುಪ್ತಲಿಪಿ. ಶಾಸನದ ಕೊನೆಯಲ್ಲಿ, ಇದನ್ನು ಅಳಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂದು ಬರೆದದ್ದನ್ನು ಓದಬಲ್ಲವರಾಗಿದ್ದರೆ ಹೆದರುತ್ತಿದ್ದರೋ ಏನೋ.

ಕ್ಲೋಯಿಯ ತರ್ಕವೂ ಇದೇ. ತ್ರಿಶೂಲಕ್ಕೆ ತ್ರಿಶೂಲ, ಕೊಡಲಿಗೆ ಕೊಡಲಿ ಹೊಂದಿಸಿದರೆ ಬಾಗಿಲು ತೆರೆಯುತ್ತದೆ, ಒಳಗೆ ವಸ್ತು. ದಾರಿಯಲ್ಲಿ ಅವಳ ಕಾಲಡಿ ಸಾವಿರ ವರ್ಷದ ಕಲ್ಲುಗಳು ಕುಸಿಯುತ್ತವೆ, ಆಟ ಅದನ್ನು ರೋಚಕವಾಗಿ ತೋರಿಸುತ್ತದೆ. ಹನ್ನೊಂದು ಹೊಯ್ಸಳ ಬಿಲ್ಲೆಗಳನ್ನು ಕೂಡಿಸಿದರೆ ಒಂದು ಮಾಣಿಕ್ಯ ಸಿಗುತ್ತದೆ. ನಾನೂ ಬಿಡದೆ ಕೂಡಿಸಿದೆ, ಅದರ ಮೋಜು ಸುಳ್ಳಲ್ಲ. ಕೊನೆಗೆ ದಂತವನ್ನು ಸಂಸ್ಕೃತಿ ಸಚಿವಾಲಯಕ್ಕೆ ಕೊಡುವ ಮಾತು ಬರುತ್ತದೆ, ಬರೆದವರಿಗೆ ಎಲ್ಲೋ ಮನಸ್ಸು ಚುಚ್ಚಿದೆ ಎನ್ನುವುದಕ್ಕೆ ಸಾಕ್ಷಿ. ಆದರೆ ಹಿಂದಿನ ಕಾಲವೆಂದರೆ ಯಾರೋ ಬಚ್ಚಿಟ್ಟ ವಸ್ತು, ಜಾಣನಾದವನು ತೆಗೆದುಕೊಳ್ಳಬೇಕು ಎಂಬ ಕಲ್ಪನೆ ಅಷ್ಟಕ್ಕೆ ಅಳಿಯುವುದಿಲ್ಲ.

ಆಟ ಮುಗಿದು ತೆರೆಯ ಮೇಲೆ ಕೆಲಸ ಮಾಡಿದವರ ಹೆಸರುಗಳು ನಿಮಿಷಗಟ್ಟಲೆ ಹರಿದವು. ಎಲೆ ಬರೆದವರು, ನೀರು ಬರೆದವರು, ಬಂಡೆ ಬರೆದವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ಅವರೂ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಇಡೀ ಆಟದಲ್ಲಿ ಹೊಯ್ಸಳರ ಕೆಲಸಕ್ಕೆ ಅತಿ ಹತ್ತಿರ ಬಂದ ಭಾಗ ಯಾರೂ ಆಡದ ಆ ಕೊನೆಯ ನಿಮಿಷಗಳೇ ಅನ್ನಿಸಿತು.

ಊರಿಗೆ ಬಂದಾಗ ಅಕ್ಕನ ಮಗನಿಗೆ ಆಟದ ಕೆಲವು ದೃಶ್ಯ ಫೋನಿನಲ್ಲಿ ತೋರಿಸಿದೆ. ಏಳನೇ ಕ್ಲಾಸು. ಮಾರನೇ ದಿನ ಕೇಳಿದ: "ಮಾಮ, ನಮ್ ಕೆರೆ ಏರಿ ಕಲ್ ಮ್ಯಾಲೂ ಸೂರ್ಯ ಚಂದ್ರ ಐತಲ್ಲ, ಅದನ್ನ ತಿರುಗಿಸಿದ್ರೆ ಏನಾಗ್ತತಿ?" ಅವನನ್ನು ಕರೆದುಕೊಂಡು ಹೋದೆ. ಒದ್ದೆ ಬಟ್ಟೆಯಲ್ಲಿ ಕಲ್ಲು ಒರೆಸಿ, ಸೀಮೆಸುಣ್ಣದ ಪುಡಿಯನ್ನು ಮೆಲ್ಲಗೆ ಸವರಿದೆವು. ಸಾಲುಗಳು ಸವೆದಿವೆ. ಅರ್ಧ ಗಂಟೆ ಬಗ್ಗಿ ನೋಡಿ, ಎರಡನೇ ಸಾಲಿನ ನಡುವೆ ಅವನು 'ತು' ಎಂದು ಓದಿದ. ಪಕ್ಕದ್ದು 'ರು' ಇರಬಹುದು ಅಂದ. ನನಗೂ ಹಾಗೇ ಕಾಣುತ್ತಿತ್ತು.