ಭಾನುವಾರದ ಬುಗುರಿ



ಕಳೆದ ಧನುರ್ಮಾಸದಲ್ಲಿ ಮೈಸೂರಿನ ನಮ್ಮ ಮನೆಗೆ ನಾಲ್ಕು ವಾರ ಎಡೆಬಿಡದೆ ನೆಂಟರು ಬಂದರು. ಬೇರೆ ಯಾರೂ ಅಲ್ಲ. ಬೆಂಗಳೂರಿನಲ್ಲಿರುವ ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು. ಮಗ ಸೊಸೆ ಇಬ್ಬರೂ ದುಡಿಯುವವರು. ವಾರದ ಐದು ದಿನ ಆ ಮನೆಯಲ್ಲಿ ನಾಲ್ವರೂ ಒಂದೇ ಹೊತ್ತಿಗೆ ಉಣಲು ಕುಳಿತುಕೊಳ್ಳುವುದೇ ಅಪರೂಪವೆಂದು ಬಲ್ಲೆ. ಶುಕ್ರವಾರ ರಾತ್ರಿ ಬಂದಿಳಿಯುವರು, ಭಾನುವಾರ ಸಂಜೆ ಹೊರಟುಬಿಡುವರು.

ಆ ಎರಡೆರಡು ದಿನಗಳಲ್ಲಿ ನಡೆದ ಕೆಲಸಗಳೇನು ಕಡಿಮೆಯೇ! ಅವರೆಕಾಯಿ ಸುಲಿದು, ಕಾಳು ನೆನೆಹಾಕಿ, ಎಲ್ಲರೂ ಸುತ್ತ ಕುಳಿತು ಹಿತುಕಿದೆವು. ಸಂಕ್ರಾಂತಿಯ ಎಳ್ಳಿಗಾಗಿ ಕೊಬ್ಬರಿಯನ್ನೂ ಬೆಲ್ಲವನ್ನೂ ಸಣ್ಣಗೆ ಹೆಚ್ಚಿ ತಾರಸಿಯ ಮೇಲೆ ಒಣಗಿಸಿದೆವು. ನನ್ನಾಕೆ ತವರಿನಿಂದ ತಂದ ಮರದ ಅಚ್ಚುಗಳನ್ನು ಅಟ್ಟದಿಂದ ಇಳಿಸಿ, ನೀರಿನಲ್ಲಿ ನೆನೆಸಿ, ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕವನ್ನು ಮಕ್ಕಳ ಮುಂದೆಯೇ ಎರೆದಳು. ಸೊಂಡಿಲು ಮುರಿದ ಆನೆಗಳೆಲ್ಲ ಮೊಮ್ಮಗಳ ಪಾಲಾದವು. ಎಷ್ಟೋ ಆನೆಗಳ ಸೊಂಡಿಲು ಬೇಕೆಂದೇ ಮುರಿದಿತ್ತೆಂಬುದು ನನ್ನ ಅನುಮಾನ. ಬಿಸಿಲು ಇಳಿದ ಮೇಲೆ ಎದುರಿನ ಖಾಲಿ ನಿವೇಶನದಲ್ಲಿ ಲಗೋರಿ.

ಹೀಗೊಂದು ಸಂಜೆ ಮೊಮ್ಮಗ ಕೇಳಿದ: "ತಾತ, ನೀನು ಚಿಕ್ಕೋನಿದ್ದಾಗ ವೀಕೆಂಡಲ್ಲಿ ಏನ್ಮಾಡ್ತಿದ್ದೆ?"

"ನಮಗೆ ವೀಕೆಂಡೇ ಇರಲಿಲ್ಲ ಕಣೋ" ಎಂದೆ. ಹುಡುಗ ನನ್ನನ್ನು ಬಹಳ ಮರುಕದಿಂದ ನೋಡಿದ. ಜೀವಮಾನವೆಲ್ಲ ಚರಿತ್ರೆ ಬೋಧಿಸಿದವನು ಅಷ್ಟಕ್ಕೆ ಸುಮ್ಮನಾಗಲಾರ. ಅವನಿಗೆ ಹೇಳಿದ್ದನ್ನೂ ಹೇಳದೆ ಉಳಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾಗಮಂಗಲ ಸೀಮೆಯ ನಮ್ಮ ಹಳ್ಳಿಯಲ್ಲಿ ವಾರಕ್ಕೊಂದು ಬಿಡುವಿನ ದಿನ ಇದ್ದದ್ದು ನಿಜ. ಆದರೆ ಅದು ಎತ್ತುಗಳಿಗೆ. ಸೋಮವಾರ ಬಸವಣ್ಣನ ದಿನವೆಂದು ಯಾರೂ ನೇಗಿಲು ಹೂಡುತ್ತಿರಲಿಲ್ಲ. ಮನುಷ್ಯರಿಗೆ ಆ ವಿನಾಯಿತಿ ಇರಲಿಲ್ಲ. ಶಾಲೆಗೆ ಮಾತ್ರ ಭಾನುವಾರ ರಜೆ, ಶನಿವಾರ ಬೆಳಗಿನ ತರಗತಿ. ಹೀಗಾಗಿ ಮಕ್ಕಳ ರಜೆಯ ದಿನ ಅಪ್ಪ ಅಮ್ಮನ ದುಡಿಮೆಯ ದಿನವಾಗಿರುತ್ತಿತ್ತು. ಮಾಗಿಯಲ್ಲಿ ರಾಗಿ ಕೊಯ್ಲು ಮುಗಿದು ಕಣದ ಕೆಲಸ ತೊಡಗಿದರಂತೂ ಮನೆಮಂದಿಯೆಲ್ಲ ಅಲ್ಲೇ. ರೋಣಗಲ್ಲು ಎಳೆಯುವ ಎತ್ತುಗಳ ಹಿಂದೆ ಸುತ್ತುವುದು ನಮಗೆ ಕೆಲಸವೂ ಹೌದು, ಆಟವೂ ಹೌದು.

ಸಗಣಿ ಸಾರಿಸಿ ನುಣುಪುಗೊಳಿಸಿದ ಕಣಕ್ಕಿಂತ ಬುಗುರಿಗೆ ಒಳ್ಳೆಯ ಜಾಗ ಊರಿನಲ್ಲಿಯೇ ಇರಲಿಲ್ಲ. ಆದರೆ ಬುಗುರಿಯ ಮೊಳೆ ಕಣಕ್ಕೆ ಗುಂಡಿ ಬೀಳಿಸುತ್ತದೆ, ಗುಂಡಿಯಲ್ಲಿ ಕಾಳು ಸೇರುತ್ತದೆ. ಅಪ್ಪ ಕಂಡರೆ ಬೆನ್ನ ಮೇಲೆ ಚಾಟಿ ಆಡುತ್ತಿತ್ತು. ಬುಗುರಿಯ ಚಾಟಿಯೇ! ಆ ಬುಗುರಿಯನ್ನು ಮಾಡಿಕೊಡುತ್ತಿದ್ದವರು ಊರಿನ ಆಚಾರಿ. ನೇಗಿಲು, ಕುಂಟೆ, ಗಾಡಿಯ ಗುಜ್ಜಿನ ಕೆಲಸವೆಲ್ಲ ಮುಗಿದ ಮೇಲೆ ಉಳಿದ ತುಂಡಿನಲ್ಲಿ ನಮ್ಮದು. ಅಲ್ಲಿಯವರೆಗೆ ಅವರ ಬಾಚಿಯ ಏಟುಗಳನ್ನು ನೋಡುತ್ತ ಕುಕ್ಕರಗಾಲಿನಲ್ಲಿ ಕುಳಿತಿರುತ್ತಿದ್ದೆವು. ಯಾವ ಮರ ಸೀಳುತ್ತದೆ, ಯಾವುದು ಸೀಳುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ, ಪುಸ್ತಕದಲ್ಲಲ್ಲ.

ಶಾಲೆಗೆ ಸಿಕ್ಕ ಆ ಭಾನುವಾರವಾದರೂ ಎಲ್ಲಿಂದ ಬಂತು? ಕಚೇರಿಗಳಿಗೂ ಶಾಲೆಗಳಿಗೂ ಅದು ಬ್ರಿಟಿಷರ ಪದ್ಧತಿಯಿಂದ ಬಂದದ್ದು. ಗಿರಣಿ ಕಾರ್ಮಿಕರಿಗೆ ಹಾಗೆ ತಾನಾಗಿ ಬರಲಿಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ, ವಾರಕ್ಕೊಂದು ದಿನದ ರಜೆ ಬೇಕೆಂದು ಮನವಿ ಸಲ್ಲಿಸಿದರು. ಭಾನುವಾರವೇ ಏಕೆಂದರೆ ಅದು ಖಂಡೋಬನ ದಿನ. ನಮ್ಮ ನಾಡಿನಲ್ಲಿ ಮೈಲಾರಲಿಂಗನೆಂದು ಕರೆಯುವ ದೈವವೇ ಅದು. 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯಿದೆ ಬ್ರಿಟಿಷ್ ಭಾರತದ ಕಾರ್ಖಾನೆಗಳಲ್ಲಿ ವಾರದ ರಜೆಯನ್ನು ಕಡ್ಡಾಯಗೊಳಿಸಿತು. ಇದಕ್ಕೂ ಹಿಂದಿನ 1881ರ ಕಾಯಿದೆಯನ್ನು ಓದಿದರೆ ಕರುಳು ಹಿಂಡುತ್ತದೆ. ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ಏಳರಿಂದ ಹನ್ನೆರಡರವರನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದೇ ಅಂದಿನ ದೊಡ್ಡ ಸುಧಾರಣೆ! ನನ್ನ ಮೊಮ್ಮಗಳಿಗೆ ಈಗ ಏಳು ವರ್ಷ. ಇದನ್ನು ನಾನು ಮಕ್ಕಳಿಗೆ ಹೇಳಲಿಲ್ಲ.

ಶನಿವಾರವೂ ಸೇರಿ ಎರಡು ದಿನಗಳಾದದ್ದು ಇತ್ತೀಚಿನ ಮಾತು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಐದು ದಿನಗಳ ವಾರ ಬಂದದ್ದು 1985ರಲ್ಲಿ.

ಇನ್ನು ಕೈಕೆಲಸದ ಕಥೆ. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ಸೇರಿತು. ಏಳು ವರ್ಷಗಳ ಉಚಿತ ಶಿಕ್ಷಣ ಮಾತೃಭಾಷೆಯಲ್ಲಿ ನಡೆಯಬೇಕು, ಒಂದು ಕಸುಬು ಅದರ ನಡುಗಂಬವಾಗಿರಬೇಕು ಎಂಬುದು ಅಲ್ಲಿಯ ನಿರ್ಣಯ. ಡಾ. ಜಾಕಿರ್ ಹುಸೇನರ ಸಮಿತಿ ವೇಳಾಪಟ್ಟಿಯನ್ನೂ ಕೊಟ್ಟಿತು. ಬಿ.ಎಡ್. ಓದುವಾಗ ಅದನ್ನು ಕಂಡು ನಾನು ನಕ್ಕಿದ್ದೆ. ದಿನದ ಐದೂವರೆ ಗಂಟೆಗಳಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಕಸುಬಿಗೆ. ಸಮಾಜ ಪಾಠ ಮತ್ತು ವಿಜ್ಞಾನ ಎರಡಕ್ಕೂ ಸೇರಿ ಮೂವತ್ತು ನಿಮಿಷ! ವ್ಯಾಯಾಮಕ್ಕೆ ಹತ್ತೇ ನಿಮಿಷ. ನಾನು ಅಂದು ನಕ್ಕದ್ದು ನನ್ನ ವಿಷಯಕ್ಕಾದ ಅವಮಾನಕ್ಕೆ. ಇಂದು ಕಾಡುವುದು ಆಟಕ್ಕೆ ಉಳಿದ ಆ ಹತ್ತು ನಿಮಿಷ. ಮಕ್ಕಳು ನೂತದ್ದನ್ನು ಮಾರಿ ಶಾಲೆಯ ಖರ್ಚು ತೂಗಿಸಬಹುದೆಂಬ ಆಸೆಯೂ ಅದರಲ್ಲಿತ್ತು. ಇದು ಶಾಲೆಯೋ ಕಾರ್ಖಾನೆಯೋ ಎಂದು ಅಂದೇ ಆಕ್ಷೇಪಿಸಿದವರಿದ್ದರು. ಗಿರಣಿಯ ಮಕ್ಕಳನ್ನು ನೆನೆದರೆ ಆ ಆಕ್ಷೇಪವನ್ನು ತಳ್ಳಿಹಾಕಲಾಗದು.

ನಮ್ಮ ಮಾಧ್ಯಮಿಕ ಶಾಲೆಯ ಹೊತ್ತಿಗೆ ಆ ಮಹಾಯೋಜನೆಯಿಂದ ಉಳಿದಿದ್ದದ್ದು ಒಂದು ತಕಲಿ, ಒಂದಿಷ್ಟು ಹಂಜಿ. ನೂಲು ಎಳೆಯುವಷ್ಟರಲ್ಲಿ ತುಂಡಾಗುವುದು, ತಕಲಿಯನ್ನೇ ಬುಗುರಿಯಂತೆ ಬೆಂಚಿನ ಮೇಲೆ ತಿರುಗಿಸುವುದು, ಮೇಷ್ಟರ ಬೆತ್ತ ತಿನ್ನುವುದು. ಆಮೇಲೆ ಕೊಠಾರಿ ಆಯೋಗ ಇದನ್ನೇ 'ಕಾರ್ಯಾನುಭವ' ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂದಿತು. ಹೆಸರು ಉದ್ದವಾಗುತ್ತ ಹೋದಂತೆ ಪೀರಿಯಡ್ಡು ಗಿಡ್ಡವಾಗುತ್ತ ಬಂತು. 2020ರ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿದೆ. ಆ ದಿನಗಳಲ್ಲಿ ಮಕ್ಕಳು ಬಡಗಿ, ಕುಂಬಾರರಂಥವರ ಬಳಿ ಕಲಿಯಬಹುದಂತೆ. ಹತ್ತೇ ದಿನ. ಆಗಲಿ, ಇಲ್ಲದ್ದಕ್ಕಿಂತ ಲೇಸು.

ಮೂರನೆಯ ವಾರ ಮಗನಿಗೆ ಹೇಳಿ, ಬರುವಾಗ ಚನ್ನಪಟ್ಟಣದ ಊರೊಳಗೇ ಬರುವಂತೆ ಮಾಡಿದೆ. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ವಾಹನಗಳು ಊರಿನ ಹೊರಗಿಂದಲೇ ಹಾರಿಹೋಗುತ್ತವೆ. ಹುಟ್ಟಿದಾಗಿನಿಂದ ಆ ಹಾದಿಯಲ್ಲಿ ಓಡಾಡಿದ ಮಕ್ಕಳು ಗೊಂಬೆಯ ಊರನ್ನೇ ಕಂಡಿರಲಿಲ್ಲ. ಆ ಸಲ ಅವರು ಶನಿವಾರ ಬೆಳಗ್ಗೆ ಹೊರಟು, ಅಲ್ಲಿ ಎರಡು ಗಂಟೆ ನಿಂತು ಬಂದರು. ಆಲೆ ಮರದ ತುಂಡು ಯಂತ್ರಕ್ಕೆ ಸಿಕ್ಕಿಸಿಕೊಂಡು ಗಿರ್ರನೆ ತಿರುಗುವುದು, ಉಳಿ ತಾಗಿದೊಡನೆ ರೂಪ ಏಳುವುದು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುವುದು, ಕೇದಗೆಯ ಒಣ ಗರಿಯಿಂದ ತೀಡಿದಾಗ ಹೊಳಪು ಬರುವುದು: ಇಷ್ಟನ್ನೂ ಮೊಮ್ಮಗ ಕೈಯಾಡಿಸಿ ಆಡಿಸಿ ನನಗೆ ವಿವರಿಸಿದ. ಘರ್ಷಣೆಯಿಂದ ಶಾಖ ಉಂಟಾಗುತ್ತದೆಂಬ ಪಾಠ ಅವನಿಗೆ ಶಾಲೆಯಲ್ಲಿ ಇನ್ನೂ ಬಂದಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಕೈಕೆಲಸದ ಪೀರಿಯಡ್ಡು ಗಿಡ್ಡವಾಯಿತೆಂದು ಸರ್ಕಾರವನ್ನು ದೂರುವ ಹಕ್ಕು ನನಗಿಲ್ಲ. ಅದನ್ನು ಕಸಿದವರಲ್ಲಿ ನಾನೂ ಒಬ್ಬ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ನೆನಪಿರಬಹುದು: ಎಸ್.ಎಸ್.ಎಲ್.ಸಿ. ಪಾಠ ಮುಗಿಯದಿದ್ದಾಗ ಶನಿವಾರದ ಕೊನೆಯ ಅವಧಿಯನ್ನು, ಒಮ್ಮೊಮ್ಮೆ ಆಟದ ಅವಧಿಯನ್ನೂ, ನಾನೇ ಕೇಳಿ ಪಡೆಯುತ್ತಿದ್ದೆ. ತೊಂಬತ್ತರ ದಶಕದ ಅಂಥದೊಂದು ಶನಿವಾರ ಫ್ರಾನ್ಸಿನ ಕ್ರಾಂತಿಯ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿಕೊಂಡು ಸೀಮೆಸುಣ್ಣದಲ್ಲಿ ಏನನ್ನೋ ಕೆತ್ತುತ್ತಿದ್ದ. ಹೋಗಿ ಕಿತ್ತುಕೊಂಡು, ಏನೆಂದೂ ನೋಡದೆ, ಕಿಟಕಿಯಾಚೆಗೆ ಎಸೆದೆ. ಅವನು ಆ ವರ್ಷ ತೇರ್ಗಡೆಯಾಗಲಿಲ್ಲ. ಮರಳಿ ಬರಲೂ ಇಲ್ಲ.

ಸಂಕ್ರಾಂತಿಗೆ ಮುಂಚಿನ ಭಾನುವಾರ ನಮ್ಮ ಹಿತ್ತಲ ಬಾಗಿಲಿನ ಚೌಕಟ್ಟು ಸರಿಪಡಿಸಲು ಬಂದ ಬಡಗಿ ಅವನೇ. ಈಗ ನಡುವಯಸ್ಸು, ಕಿವಿಯ ಮೇಲೆ ಪೆನ್ಸಿಲ್. ನನಗೆ ಗುರುತು ಹತ್ತಲಿಲ್ಲ; ಅವನಿಗೆ ಹತ್ತಿತು.

"ಭಾನುವಾರವೂ ಕೆಲಸವೇನಪ್ಪ?" ಎಂದೆ.

"ನಮ್ಗೆಲ್ಲಿ ಭಾನ್ವಾರ ಸಾರ್? ಮನೆಯೋರು ಮನೇಲಿ ಸಿಗೋದೇ ಅವತ್ತು" ಎಂದ. ಲೋಖಂಡೆಯವರ ಭಾನುವಾರ ಇವನವರೆಗೆ ಬಂದಿಲ್ಲವೆಂದು ಆಗ ಹೊಳೆಯಿತು.

ಮಕ್ಕಳಿಬ್ಬರೂ ಅವನನ್ನು ಮುತ್ತಿಕೊಂಡರು. ಕೆಲಸ ಮುಗಿದ ಮೇಲೆ ಉಳಿದ ತುಂಡನ್ನೆತ್ತಿ, ಪೇಟೆಯಲ್ಲಿ ಈಗ ಅಪರೂಪವಾದ ಬಾಚಿಯನ್ನೇ ಚೀಲದಿಂದ ತೆಗೆದು, ಅರ್ಧ ಗಂಟೆಯಲ್ಲಿ ಬುಗುರಿ ಕೆತ್ತಿದ. ಮೊಳೆಯ ತಲೆ ಕತ್ತರಿಸಿ ಬಡಿದ, ಕಲ್ಲಿಗೆ ಉಜ್ಜಿ ಮೊನೆ ಮಾಡಿದ. ನಾನು ಕುರ್ಚಿಯಿಂದ ಎದ್ದು ಮಕ್ಕಳ ಪಕ್ಕದಲ್ಲೇ ಕುಳಿತೆ.

"ಅವತ್ತಿನ ಸೀಮೆಸುಣ್ಣ ಜ್ಞಾಪಕ ಇದ್ಯಾ ಸಾರ್?" ಎಂದು ತಲೆಯೆತ್ತದೆ ಕೇಳಿದ.

"ಇದೆಯಪ್ಪ. ಏನದು?"

"ಬಸವಣ್ಣ ಸಾರ್. ಇನ್ನೊಂದು ಕೊಂಬು ಬಾಕಿ ಇತ್ತು."

ಅವನು ನಗುತ್ತಿದ್ದ. ನನ್ನಿಂದ ನಗಲಾಗಲಿಲ್ಲ. ತಪ್ಪಾಯಿತೆಂದು ಹೇಳಿದೆ. "ಅಯ್ಯೋ ಬಿಡಿ ಸಾರ್, ಪಾಠ ಕೇಳ್ದೆ ಇದ್ದೋನು ನಾನು" ಎಂದ. ಕೂಲಿಯ ಹಣ ಎಣಿಸಿ ತೆಗೆದುಕೊಂಡ. ಬುಗುರಿಗೆಂದು ನೂರು ರೂಪಾಯಿ ಮುಂದೆ ಹಿಡಿದರೆ ಕೈ ಹಿಂದೆ ಕಟ್ಟಿಕೊಂಡ. ನನ್ನಾಕೆ ಎಳ್ಳು ಬೆಲ್ಲದ ಪೊಟ್ಟಣದ ಜೊತೆಗೆ ಸಕ್ಕರೆ ಅಚ್ಚೊಂದನ್ನು ಇಟ್ಟುಕೊಟ್ಟಳು. ನಾನು ಇಣುಕಿ ನೋಡಿದೆ. ಆನೆ, ಸೊಂಡಿಲು ಸರಿಯಾಗಿಯೇ ಇತ್ತು.

ಮೊಮ್ಮಗನಿಗೆ ಚಾಟಿ ಸುತ್ತುವುದು ಎರಡು ವಾರವಾದರೂ ಕೈಹಿಡಿಯಲಿಲ್ಲ. ಮೊಮ್ಮಗಳಿಗೆ ಬಂದುಬಿಟ್ಟಿದೆ. ಅಂಗಳದ ಗಾರೆಯ ತುಂಬ ಮೊಳೆಯ ಬಿಳಿ ಚುಕ್ಕೆಗಳು. ಗಾರೆ ಕೆಡುತ್ತದೆಂದು ನನ್ನಾಕೆ ಗೊಣಗುತ್ತಾಳೆ, ನಾನು ಕೇಳಿಸದವನಂತೆ ಪತ್ರಿಕೆ ಓದುತ್ತೇನೆ.