ಸೈಜ್ ಒಂದೇ ಇದ್ದರೆ ಟೈರೂ ಒಂದೇನಾ? ಪಿಕಪ್‌ಗೆ ‘ಆಲ್ ವೆದರ್’ ಟೈರ್ ಹಾಕಿಸುವ ಮುನ್ನ ಇದನ್ನು ಓದಿ

“ಲೋಡ್ ಗಾಡಿಗೆ ದುಬಾರಿ ಟೈರ್ ಯಾಕೆ? ಅದೇ ಸೈಜಿನ ಕಾರ್ ಟೈರ್ ಹಾಕಿಸಿ. ಆಲ್ ವೆದರ್ ಅಂತ ಇದ್ದರೆ ಮಳೆಗೂ ಬಿಸಿಲಿಗೂ ನಡೆಯುತ್ತೆ.” ಇಂಥ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲೂ ಟೈರ್ ಅಂಗಡಿಗಳ ಮುಂದೆಯೂ ಆಗಾಗ ಕೇಳಿಬರುತ್ತವೆ. ಜೊತೆಗೆ “ಬೇಸಿಗೆಯಲ್ಲಿ ಗಾಳಿ ಕಡಿಮೆ ಇರಲಿ”, “ನಾಲ್ಕು ವರ್ಷಕ್ಕೆ ಟೈರ್ ಎಕ್ಸ್‌ಪೈರಿ” ಎಂಬ ಮಾತುಗಳೂ ಇವೆ. ಇವುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಸೈಜ್ ಒಂದೇ ಇದ್ದರೂ ಕಾರ್ ಟೈರ್ ಮತ್ತು ಲೋಡ್ ಗಾಡಿಯ ಟೈರ್ ಒಂದೇ ಅಲ್ಲ. ‘ಆಲ್ ವೆದರ್’ ಎಂಬ ಹೆಸರಿಗಿಂತ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಭಾರದ ಸಂಖ್ಯೆ ಮುಖ್ಯ.

ವಾದ 1: ಅದೇ ಸೈಜಿನ ಕಾರ್ ಟೈರ್ ಹಾಕಿದರೆ ತೊಂದರೆಯಿಲ್ಲ

ಇದು ತಪ್ಪು, ಅಪಾಯಕಾರಿಯೂ ಹೌದು.

ಟಾಟಾ ಏಸ್ ವರ್ಗದ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸೈಜ್ 145 ಆರ್ 12 ಎಲ್‌ಟಿ 8ಪಿಆರ್. ಇದರಲ್ಲಿ 145 ಎಂದರೆ ಮಿಲಿಮೀಟರ್‌ನಲ್ಲಿ ಟೈರಿನ ಅಗಲ. ಆರ್ ಎಂದರೆ ರೇಡಿಯಲ್. 12 ಎಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ಎಲ್‌ಟಿ ಎಂದರೆ ಲೈಟ್ ಟ್ರಕ್. 8ಪಿಆರ್ ಎಂಬುದು ಟೈರಿನ ಬಲದ ಅಳತೆ. ಒಳಗೆ ಎಂಟು ಪದರಗಳಿವೆ ಎಂದು ಅದರ ಅರ್ಥವಲ್ಲ.

ಆಲ್ಟೊ 800ರಂಥ ಸಣ್ಣ ಕಾರಿನ ಟೈರ್ 145/80 ಆರ್ 12. ಅಗಲವೂ ರಿಮ್ಮೂ ಒಂದೇ ಆದ್ದರಿಂದ ಲೋಡ್ ಗಾಡಿಗೂ ಸಲೀಸಾಗಿ ಕೂರುತ್ತದೆ. ಮೋಸ ಹೋಗುವುದು ಇಲ್ಲಿಯೇ.

ಸೈಜಿನ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. ಅದೇ ಲೋಡ್ ಇಂಡೆಕ್ಸ್. ಅದು ಕಿಲೋ ಲೆಕ್ಕವಲ್ಲ, ಒಂದು ಸಂಕೇತ. 74 ಎಂದಿದ್ದರೆ ಒಂದು ಟೈರ್ ಹೊರಬಲ್ಲ ಗರಿಷ್ಠ ಭಾರ 375 ಕೆಜಿ. 86 ಎಂದಿದ್ದರೆ 530 ಕೆಜಿ. ಈ ಸೈಜಿನ ಕಾರ್ ಟೈರ್‌ನಲ್ಲಿ ಸಾಮಾನ್ಯವಾಗಿ 74 ಇದ್ದರೆ, 8ಪಿಆರ್ ಟೈರ್‌ನಲ್ಲಿ 86ರ ಆಸುಪಾಸು ಇರುತ್ತದೆ. 86/84 ಎಂದು ಎರಡು ಸಂಖ್ಯೆಗಳಿದ್ದರೆ, ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ.

ಲೆಕ್ಕ ಹಾಕಿ ನೋಡಿ. ಟೊಮೆಟೊ ಕ್ರೇಟ್ ತುಂಬಿದ ಗಾಡಿಯ ಹಿಂದಿನ ಎರಡು ಚಕ್ರಗಳ ಮೇಲೆ ಒಟ್ಟು 900 ಕೆಜಿ ಬಿದ್ದಿದೆ ಎಂದುಕೊಳ್ಳೋಣ. ಒಂದೊಂದು ಟೈರಿಗೆ 450 ಕೆಜಿ. 530 ಕೆಜಿಯ ಟೈರಿಗೆ ಅದು ಮಿತಿಯೊಳಗಿನ ಭಾರ. 375 ಕೆಜಿಯ ಟೈರಿಗೆ 75 ಕೆಜಿ ಹೆಚ್ಚು. ಅಂಗಡಿಯಲ್ಲಿ ಗಾಡಿ ಖಾಲಿ ಇರುವುದರಿಂದ ಏನೂ ಗೊತ್ತಾಗುವುದಿಲ್ಲ. ಲೋಡ್ ತುಂಬಿ, ಕಾದ ರಸ್ತೆಯಲ್ಲಿ ಹತ್ತಾರು ಕಿಲೋಮೀಟರ್ ಓಡಿದಾಗ ಟೈರಿನ ಪಕ್ಕೆ ಮಡಚಿ ಮಡಚಿ ಬಿಸಿಯಾಗುತ್ತದೆ. ಕೊನೆಗೆ ಸಿಡಿಯಬಹುದು.

ಇನ್ನೊಂದು ಗುರುತೂ ಇದೆ. ಭಾರತದಲ್ಲಿ ಮಾರುವ ಟೈರ್‌ಗೆ ಐಎಸ್‌ಐ ಗುರುತು ಕಡ್ಡಾಯ. ಅದರ ಜೊತೆಗಿನ ಸಂಖ್ಯೆ ಕಾರ್ ಟೈರ್‌ಗೆ 15633, ವಾಣಿಜ್ಯ ವಾಹನದ ಟೈರ್‌ಗೆ 15636. ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಹಾಕಿ ನೋಡಿಕೊಳ್ಳಬಹುದು.

ವಾದ 2: ಆಲ್ ವೆದರ್ ಎಂದರೆ ಎಲ್ಲ ಕಾಲಕ್ಕೂ ಒಳ್ಳೆಯದು

ಅರ್ಧ ಸತ್ಯ. ‘ಆಲ್ ವೆದರ್’ ಎಂಬ ಹೆಸರು ಹೆಚ್ಚಾಗಿ ಬಳಕೆಯಲ್ಲಿರುವುದು ಕೆನಡಾ, ಅಮೆರಿಕದಂಥ ಹಿಮ ಬೀಳುವ ದೇಶಗಳಲ್ಲಿ. ಅಲ್ಲಿ ಇಂಥ ಟೈರಿನ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇರುತ್ತದೆ. ಚಳಿಯಲ್ಲೂ ರಬ್ಬರ್ ಗಡುಸಾಗದಂತೆ ಅದನ್ನು ತಯಾರಿಸಿರುತ್ತಾರೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಆ ಗುಣದಿಂದ ಲಾಭವಿಲ್ಲ.

ನಮಗೆ ಬೇಕಾದ ಗುಣಗಳು ಎರಡು: ಒದ್ದೆ ರಸ್ತೆಯಲ್ಲಿ ಹಿಡಿತ, ಬಿಸಿಲಲ್ಲಿ ಬಾಳಿಕೆ. ಉದ್ದುದ್ದ ಗೆರೆಗಳ ರಿಬ್ ಟೈರ್ ಡಾಂಬರು ರಸ್ತೆಗೆ ಹೊಂದುತ್ತದೆ. ದಪ್ಪ ಬ್ಲಾಕ್‌ಗಳ ಲಗ್ ಟೈರ್ ತೋಟ, ಗದ್ದೆಯ ಕೆಸರಿಗೆ ಒಳ್ಳೆಯದು, ಆದರೆ ಹೈವೇಯಲ್ಲಿ ಸದ್ದು ಹೆಚ್ಚು. ಎರಡೂ ಕಡೆ ಓಡಿಸುವವರಿಗೆ ನಡುವಿನ ಸೆಮಿ ಲಗ್ ಇದೆ.

ಟೈರ್ ಯಾವುದೇ ಇರಲಿ, ಬಟನ್ ಸವೆದ ಮೇಲೆ ಮಳೆಯಲ್ಲಿ ಉಪಯೋಗವಿಲ್ಲ. ನೀರನ್ನು ಹೊರದಬ್ಬುವುದು ಆ ಗೆರೆಗಳೇ. ಗೆರೆಗಳ ಒಳಗೆ ಸಣ್ಣ ಉಬ್ಬುಗಳಿರುತ್ತವೆ, ಅವುಗಳ ಎತ್ತರ 1.6 ಮಿ.ಮೀ. ಬಟನ್ ಅಲ್ಲಿಯವರೆಗೆ ಸವೆದಿದ್ದರೆ ಆ ಟೈರ್ ಮುಗಿಯಿತು. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಓಡಾಡುವವರು ಅದಕ್ಕೂ ಮುಂಚೆಯೇ ಬದಲಿಸುವುದು ಕ್ಷೇಮ. ಸವೆದ ಟೈರಿಗೆ ಹೊಸ ಗೆರೆ ಕೊರೆದು ಮಾರುವ ಸೆಕೆಂಡ್ ಹ್ಯಾಂಡ್ ಟೈರ್ ಬೇಡವೇ ಬೇಡ. ಕೊರೆದ ಕಡೆ ಒಳಗಿನ ತಂತಿಯ ಮೇಲೆ ರಬ್ಬರ್ ಉಳಿದಿರುವುದಿಲ್ಲ.

ವಾದ 3: ಬೇಸಿಗೆಯಲ್ಲಿ ಗಾಳಿ ಕಡಿಮೆ ಇರಬೇಕು

ತಪ್ಪು. ಗಾಳಿ ಕಡಿಮೆಯಾದಷ್ಟೂ ಟೈರ್ ಹೆಚ್ಚು ಮಡಚುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಸಿಡಿಯದಿರಲಿ ಎಂದು ಮಾಡಿದ್ದೇ ಸಿಡಿಯಲು ಕಾರಣವಾಗಬಹುದು. ಹಾಗೆಂದು ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡದವರೆಗೂ ತುಂಬಬೇಕಿಲ್ಲ. ಗಾಡಿಯ ಕೈಪಿಡಿ ಅಥವಾ ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಅಳತೆ ಇರುತ್ತದೆ. ಬೆಳಿಗ್ಗೆ, ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ನೋಡಿಸಿ.

ವಾದ 4: ನಾಲ್ಕು ವರ್ಷಕ್ಕೆ ಟೈರ್ ಎಕ್ಸ್‌ಪೈರಿ

ಟೈರಿನ ಮೇಲಿನ ನಾಲ್ಕಂಕಿ ತಯಾರಾದ ದಿನವನ್ನು ಹೇಳುತ್ತದೆ, ಎಕ್ಸ್‌ಪೈರಿಯನ್ನಲ್ಲ. 2324 ಎಂದರೆ 2024ರ 23ನೇ ವಾರ. ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತು ವರ್ಷವಾದರೆ ಬಟನ್ ಇದ್ದರೂ ಬದಲಿಸಿ ಎಂಬುದು ಹಲವು ತಯಾರಕರ ಸಲಹೆ. ದಿನವೂ ದುಡಿಯುವ ಗಾಡಿಯಲ್ಲಿ ಸಾಮಾನ್ಯವಾಗಿ ಅದಕ್ಕೆ ಮೊದಲೇ ಬಟನ್ ಸವೆದಿರುತ್ತದೆ. ಪಕ್ಕೆಯಲ್ಲಿ ಬಿರುಕು, ಉಬ್ಬು ಕಂಡರೆ ವಯಸ್ಸು ಲೆಕ್ಕಕ್ಕಿಲ್ಲ, ತಕ್ಷಣ ಬದಲಿಸಿ.

ಎರಡೇ ಟೈರ್ ಕೊಳ್ಳಲು ದುಡ್ಡಿದ್ದರೆ?

ಹೊಸದನ್ನು ಹಿಂದಕ್ಕೆ ಹಾಕಿಸಿ. ಲೋಡ್ ಇಳಿಸಿ ಖಾಲಿ ಬರುವಾಗ ಪಿಕಪ್‌ನ ಹಿಂಭಾಗ ಹಗುರ. ಮಳೆಯಲ್ಲಿ ಮೊದಲು ಜಾರುವುದು ಅದೇ, ಹಿಂದೆ ಜಾರಿದರೆ ಗಾಡಿ ತಿರುಗಿಬಿಡುತ್ತದೆ. ಹಾಗೆಂದು ಮುಂದೆ ಪೂರ್ತಿ ಸವೆದ ಟೈರ್ ಉಳಿಸಿಕೊಳ್ಳಬೇಡಿ.

ಅಂಗಡಿಗೆ ಹೋಗುವ ಮುನ್ನ

- ಹಳೆಯ ಟೈರಿನ ಪಕ್ಕೆಯ ಫೋಟೊ ತೆಗೆದುಕೊಳ್ಳಿ. ಆದರೆ ಈಗಿರುವುದೇ ತಪ್ಪು ಟೈರ್ ಆಗಿರಬಹುದು, ಕೈಪಿಡಿಯ ಜೊತೆ ಹೋಲಿಸಿ.
- ಸೈಜ್, ಎಲ್‌ಟಿ, ಪಿಆರ್, ಲೋಡ್ ಇಂಡೆಕ್ಸ್ ನಾಲ್ಕೂ ಹೊಂದಬೇಕು. ಲೋಡ್ ಇಂಡೆಕ್ಸ್ ಹೆಚ್ಚಿದ್ದರೆ ಸರಿ, ಕಡಿಮೆ ಇರಬಾರದು.
- ತಯಾರಾದ ವಾರ ನೋಡಿ, ಬಿಲ್ ಪಡೆಯಿರಿ.
- ಗಟ್ಟಿ ಟೈರ್ ಹಾಕಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿ ಇರುವುದಕ್ಕಿಂತ ಹೆಚ್ಚು ಲೋಡ್ ಹಾಕುವಂತಿಲ್ಲ. ಬ್ರೇಕು, ಆಕ್ಸೆಲ್ ಹಳೆಯವೇ.

ಕಾರ್ ಟೈರ್ ಹಾಕಿಸಿ ಎನ್ನುವ ಸಲಹೆ ನಿಮ್ಮ ಗುಂಪಿಗೂ ಬಂದರೆ, 375 ಮತ್ತು 530ರ ಲೆಕ್ಕವನ್ನು ಅದರ ಕೆಳಗೆ ಬರೆದು ಕಳಿಸಿ.